ಲಿನನ್ ಅಂಗಡಿಯಿಂದ ಹುಂಡಿ ವ್ಯವಹಾರಕ್ಕೆ

ಪ್ರಶ್ನೆ: ನಮ್ಮ ದಾವಣಗೆರೆಯ ಹತ್ತಿ ಮಂಡಿಗಳು ಅಪ್ಪನಿಂದ ಮಕ್ಕಳಿಗೆ ಬಂದು ಬೆಳೆದವು. ಐರ್ಲೆಂಡಿನಿಂದ ಅಮೆರಿಕಕ್ಕೆ ಹೋದವರ ವ್ಯಾಪಾರವೂ ಹೀಗೇ ಬೆಳೆಯಿತೇ?
– ಹತ್ತಿ ವ್ಯಾಪಾರಿ, ದಾವಣಗೆರೆ

ಉತ್ತರ: ಒಂದು ಮನೆತನವನ್ನೇ ನೋಡಿ. ಐರ್ಲೆಂಡಿನ ಬ್ಯಾಲಿಮೀನಾ ಊರಿನ ಅಲೆಕ್ಸಾಂಡರ್ ಬ್ರೌನ್ 1800ರಲ್ಲಿ ಅಮೆರಿಕದ ಬಾಲ್ಟಿಮೋರ್‌ಗೆ ಬಂದು, ತಮ್ಮ ಸೀಮೆಯ ಲಿನನ್ ಬಟ್ಟೆ ತರಿಸಿ ಮಾರಿದರು. ನಾಲ್ವರು ಮಕ್ಕಳನ್ನೂ ಒಂದೇ ಗಲ್ಲಾದ ಮುಂದೆ ಕೂರಿಸಲಿಲ್ಲ. ವಿಲಿಯಂ ಇಂಗ್ಲೆಂಡಿನ ಲಿವರ್‌ಪೂಲ್‌ಗೆ, ಜಾನ್ ಫಿಲಡೆಲ್ಫಿಯಾಕ್ಕೆ, ಜೇಮ್ಸ್ ನ್ಯೂಯಾರ್ಕ್‌ಗೆ ಹೋದರು. ಜಾರ್ಜ್ ತಂದೆಯ ಜೊತೆ ಉಳಿದರು. ಕಡಲಾಚೆಯ ಗುಮಾಸ್ತ ಕೈಕೊಟ್ಟರೆ ಸುದ್ದಿ ಮುಟ್ಟಲು ವಾರಗಟ್ಟಲೆ ಬೇಕಿದ್ದ ಕಾಲವದು; ಹಾಗಾಗಿ ನಂಬಲು ಮನೆಯವರೇ ಬೇಕಿತ್ತು.

ಮುಂದೆ ಅವರನ್ನು ಬೆಳೆಸಿದ್ದು ಹತ್ತಿ ಮತ್ತು ಹುಂಡಿ, ಅಂದರೆ ಇಂತಿಷ್ಟು ದಿನಕ್ಕೆ ಹಣ ಕೊಡಬೇಕೆಂದು ಬರೆಯುವ ಚೀಟಿ. ಅಮೆರಿಕದ ದಕ್ಷಿಣದ ವ್ಯಾಪಾರಿ ಹತ್ತಿಯನ್ನು ಹಡಗಿಗೇರಿಸಿ, ಲಿವರ್‌ಪೂಲ್ ಅಂಗಡಿಯ ಮೇಲೆ ಸಾಮಾನ್ಯವಾಗಿ 60 ದಿನದ ಹುಂಡಿ ಬರೆಯುತ್ತಿದ್ದ. ಇಂಗ್ಲೆಂಡಿಗೆ ಹಣ ಕಟ್ಟಬೇಕಾದ ಆಮದುದಾರ ಅದನ್ನು ಕೊಳ್ಳುತ್ತಿದ್ದ. ಅಂಗಡಿ ಈ ಹುಂಡಿ ಒಪ್ಪಿತೆಂದರೆ ಹತ್ತಿಯ ಮೇಲೆ ಮುಂಗಡ ಕೊಟ್ಟಂತೆ; ಸರಕು ಮುಟ್ಟುವ ಮೊದಲೇ ದರ ಬಿದ್ದರೆ ಮುಂಗಡ ಕೊಟ್ಟವನಿಗೇ ಪೆಟ್ಟು. ಹಾಗಾಗಿ ಪೂರ್ತಿ ಬೆಲೆಗೆ ಮುಂಗಡ ಕೊಡುವುದು ಅಪಾಯ. ಆ ಹತ್ತಿ ಬೆಳೆದದ್ದು ಗುಲಾಮರ ಬೆವರಿನಿಂದ, ಅದನ್ನು ಮರೆಯುವಂತಿಲ್ಲ.

1837ರ ಹಣಕಾಸು ಬಿಕ್ಕಟ್ಟಿನಲ್ಲಿ ಅಮೆರಿಕದ ಹುಂಡಿಗಳು ಸಾಲುಸಾಲಾಗಿ ಹಣವಾಗದೆ ಮರಳಿದಾಗ, ವಿಲಿಯಂ ಬ್ಯಾಂಕ್ ಆಫ್ ಇಂಗ್ಲೆಂಡಿನ ನೆರವು ಪಡೆದು ಅಂಗಡಿ ಉಳಿಸಿಕೊಂಡರು.