ಉಚಿತ ಮಾರ್ಗದರ್ಶನ ನಂಬಬಹುದಾ, ಇಲ್ಲ 15 ಸಾವಿರ ಕೊಟ್ಟು ಕನ್ಸಲ್ಟೆಂಟ್ ಹಿಡಿಯೋದಾ?

ಒಂದು ಎಕರೆ ಸೊಪ್ಪು ತರಕಾರಿ, ಹೆಂಡತಿ ಟೌನ್ ಮಾರ್ಕೆಟ್ಟಲ್ಲಿ ಕೂತು ಮಾರ್ತಾರೆ, ಈಗ ನುಗ್ಗೆ ಸೊಪ್ಪಿನ ಪುಡಿ ಮಾಡೋ ಆಸೆ, ಮೆಷಿನ್ ಕೊಟೇಶನ್ನೂ ಬಂದಿದೆ, ಇದಕ್ಕೆ ಸರ್ಕಾರದ ಉಚಿತ ಮಾರ್ಗದರ್ಶನ ಸಾಕಾ, 15 ಸಾವಿರ ಕೇಳೋ ಕನ್ಸಲ್ಟೆಂಟ್ ಬೇಕಾ ಅಂತ ಬರೆದು ಕೇಳಿದೀರಿ. ಓದ್ತಾ ಓದ್ತಾ ನಂಗೆ 2021 ಕಣ್ಮುಂದೆ ಬಂತು. ನುಗ್ಗೆ ಬದಲು ರಾಗಿ ಹುರಿಟ್ಟು, ಅಂದ್ರೆ ಅರಳಿಸಿ ಬೀಸಿದ ರಾಗಿ ಹಿಟ್ಟು ಅನ್ಕೊಳ್ಳಿ, ಮಿಕ್ಕಿದ್ದೆಲ್ಲ ನಂದೇ ಕಥೆ.

ನಮ್ದು ಗುಬ್ಬಿ ತಾಲ್ಲೂಕು, ಎರಡು ಎಕರೆ, ಮಳೆ ಆದ್ರೆ ರಾಗಿ. ಹುರಿಟ್ಟು ನಮ್ಮತ್ತೆ ಕೈದು. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ ರಾತ್ರಿಯೆಲ್ಲ ಬಟ್ಟೇಲಿ ಕಟ್ಟಿಡೋರು, ಬೆಳಗ್ಗೆ ಬಾಣಲೇಲಿ ಮರಳು ಕಾಯಿಸಿ ಒಂದೊಂದೇ ಹಿಡಿ ಹಾಕೋರು, ಮಲ್ಲಿಗೆ ಮೊಗ್ಗಿನ ಥರ ಅರಳೋದು. ಪಸೆ ಕಮ್ಮಿ ಆದ್ರೂ ಸರಿಯಾಗಿ ಅರಳಲ್ಲ, ಜಾಸ್ತಿ ಆದ್ರೂ ಅರಳಲ್ಲ, ಅವರು ರಾಗಿನ ಮುಷ್ಟೀಲಿ ಹಿಡಿದೇ ಹೇಳಿಬಿಡೋರು. ನಾನು ಅದನ್ನ ಅರ್ಧ ಕೆಜಿ ಪ್ಯಾಕೆಟ್ ಮಾಡಿ ಹೋಬಳಿ ಸಂತೇಲಿ ಮಾರ್ತಿದ್ದೆ.

ಆ ವರ್ಷ ರಾಗಿ ಬೆಂಬಲ ಬೆಲೆ ಕ್ವಿಂಟಲ್‌ಗೆ 3,377, ಅಂದ್ರೆ ಕೆಜಿಗೆ 34 ರೂಪಾಯಿ ಹತ್ರ. ಅದೇ ರಾಗಿ ಹುರಿಟ್ಟಾಗಿ ಕೂತ್ರೆ ನಂಗೆ 150. ಈ ಲೆಕ್ಕ ತಲೆಗೆ ಹತ್ತಿದ್ಮೇಲೆ ನಿದ್ದೆ ಬರಲಿಲ್ಲ ನೋಡಿ.

ಸಂಘದಲ್ಲಿ ಒಬ್ರು ಹೇಳಿದ್ರು, ಪಿಎಂಎಫ್‌ಎಂಇ ಅಂತ ಕಿರು ಆಹಾರ ಸಂಸ್ಕರಣೆ ಸ್ಕೀಮಿದೆ, ಜಿಲ್ಲೇಲಿ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ, ಪ್ರಾಜೆಕ್ಟ್ ರಿಪೋರ್ಟಿಂದ ಹಿಡಿದು ಬ್ಯಾಂಕಿನ ತನಕ ಅವರೇ ಓಡಾಡ್ತಾರೆ, ನಮ್ಮಿಂದ ಒಂದು ಪೈಸೆ ಇಲ್ಲ. ನಂಬಿಕೆ ಬರಲಿಲ್ಲ. ಆದ್ರೂ ಫೋನ್ ಮಾಡಿದೆ, ಮೂರನೇ ದಿನ ಬೈಕಲ್ಲಿ ಮನೆಗೇ ಬಂದ್ರು. ಅಂಗಳದಲ್ಲಿ ಚೇರ್ ಹಾಕಿ ಕೂರಿಸಿ ಕಾಫಿ ಕೊಟ್ಟೆ. ಅವರು ಕೇಳಿದ ಮೊದಲನೇ ಪ್ರಶ್ನೆ, ದಿನಕ್ಕೆ ಎಷ್ಟು ಕೆಜಿ ಹೋಗತ್ತಮ್ಮ?

ನಾನು 25 ಅಂದೆ.

ದಿನಕ್ಕೆ 25! ಹೋಗ್ತಿದ್ದಿದ್ದು ವಾರಕ್ಕೆ 14, ಬೇಸಿಗೆಲಿ ಸ್ವಲ್ಪ ಜಾಸ್ತಿ, ಜಾತ್ರೆ ಇದ್ರೆ ಇನ್ನೊಂದಿಷ್ಟು. ಯಾಕೆ ಹಂಗಂದೆ ಅಂತ ಇವತ್ತಿಗೂ ಯೋಚ್ನೆ ಮಾಡ್ತೀನಿ. ಪೂರ್ತಿ ಸುಳ್ಳು ಅಂತ ನಂಗೆ ಆವಾಗ ಅನ್ನಿಸಿರಲಿಲ್ಲ. ಹಿಂದಿನ ತಿಂಗಳು ಬೆಂಗಳೂರಲ್ಲಿರೋ ನಾದಿನಿ ಅವರ ಅಪಾರ್ಟ್‌ಮೆಂಟಿಗೆ ಅಂತ ಒಂದೇ ಸಲ 25 ಕೆಜಿ ತರಿಸ್ಕೊಂಡಿದ್ಲು, ಆ 25 ತಲೇಲಿ ಕೂತಿತ್ತು. ಅದು ಒಂದೇ ಸಲದ್ದು ಅನ್ನೋ ಮಾತು ಬಾಯಿಂದ ಬರಲಿಲ್ಲ. ಇನ್ನೊಂದು, ಪ್ಯಾಂಟ್ ಶರ್ಟ್ ಹಾಕ್ಕೊಂಡು ಫೈಲ್ ಹಿಡ್ಕೊಂಡು ಬಂದಿರೋ ಮನುಷ್ಯನ ಮುಂದೆ ವಾರಕ್ಕೆ 14 ಕೆಜಿ ಅನ್ನೋಕೆ ನಾಚಿಕೆ. ಇಷ್ಟಕ್ಕಾ ನನ್ನ ಕರೆಸಿದ್ದು ಅಂತ ಎದ್ದು ಹೋಗ್ಬಿಟ್ರೆ ಅನ್ನೋ ಭಯ. ಮೂರನೇದು, ಬೆಳೆ ಸಾಲದ ಅರ್ಜಿ ಬರೆಸಿ ಬರೆಸಿ ಅಭ್ಯಾಸ ಆಗಿದೆಯಲ್ಲ ನಮಗೆ, ಜಾಸ್ತಿ ಹೇಳಿದ್ರೆ ಜಾಸ್ತಿ ಸಿಗತ್ತೆ ಅನ್ನೋದು. ಅವರನ್ನ ನಾನು ಬ್ಯಾಂಕಿನ ಕಡೆಯವರು ಅಂತ ನೋಡಿದೆ, ನನ್ನ ಕಡೆಯವರು ಅಂತ ನೋಡ್ಲಿಲ್ಲ. ಡಾಕ್ಟ್ರ ಹತ್ರ ಹೋಗಿ ಜ್ವರ ಎಷ್ಟು ಅಂದ್ರೆ ಕಮ್ಮಿ ಜಾಸ್ತಿ ಹೇಳಿ ಅದೇ ಲೆಕ್ಕದಲ್ಲಿ ಇಂಜೆಕ್ಷನ್ ಹಾಕಿಸ್ಕೊಂಡು ಬಂದಂಗಾಯ್ತು ಕಥೆ.

ಅವರೇನು ಮಾಡ್ತಾರೆ ಪಾಪ, ನೋಟ್‌ಬುಕ್ ಇದೆಯಾ ಅಂತ ಕೇಳಿದ್ರು, ಎಲ್ಲ ತಲೇಲಿದೆ ಸರ್ ಅಂದೆ. ದಿನಕ್ಕೆ 25, ತಿಂಗಳಿಗೆ 750 ಕೆಜಿ ಅಂತ ಬರ್ಕೊಂಡ್ರು. ನಿಜವಾದ ಲೆಕ್ಕ ತಿಂಗಳಿಗೆ 60. ಹನ್ನೆರಡು ಪಟ್ಟು ಜಾಸ್ತಿ! ಆ ಲೆಕ್ಕಕ್ಕೆ ತಕ್ಕಂಗೆ ಹುರಿಯೋಕೆ ದೊಡ್ಡ ರೋಸ್ಟರ್, ಪುಡಿ ಮಾಡೋಕೆ 5 ಎಚ್‌ಪಿ ಪಲ್ವರೈಸರ್, ಜರಡಿ ಮೆಷಿನ್, ಪ್ಯಾಕಿಂಗ್ ಸೀಲರ್, ಎಲ್ಲ ಸೇರಿ 4.2 ಲಕ್ಷ. ನಂದು 10 ಪರ್ಸೆಂಟ್, ಮಿಕ್ಕಿದ್ದು ಬ್ಯಾಂಕು. ಸಬ್ಸಿಡಿ ಬರತ್ತೆ, ಸುಳ್ಳಲ್ಲ, ನಾನು ತಗೊಂಡಾಗ ನಮ್ಮ ರಾಜ್ಯದಲ್ಲಿ ಕೇಂದ್ರದ 35 ಜೊತೆ ರಾಜ್ಯದ 15 ಸೇರಿ 50 ಪರ್ಸೆಂಟ್, ಆದ್ರೆ ಆ ದುಡ್ಡು ಕೈಗೆ ಬರಲ್ಲ ಸ್ವಾಮಿ, ಮೂರು ವರ್ಷ ಬ್ಯಾಂಕಲ್ಲೇ ಕೂತಿರತ್ತೆ, ಸಾಲ ಸರಿಯಾಗಿ ಕಟ್ಟಿದ್ರೆ ಆಮೇಲೆ ಸಾಲಕ್ಕೆ ವಜಾ. ಊರಲ್ಲಿ ಇದನ್ನ ಯಾರೂ ಬಿಡಿಸಿ ಹೇಳಲ್ಲ, ಎಲ್ರೂ ಅರ್ಧ ಫ್ರೀ ಅಂತಾರೆ ಅಷ್ಟೇ.

2022ರ ಆಷಾಢದಲ್ಲಿ ಮೆಷಿನ್ ಬಂತು, ಅರಿಶಿನ ಕುಂಕುಮ ಹಾಕಿ ಪೂಜೆ ಮಾಡಿ ಸ್ವಿಚ್ ಹಾಕೋಕೆ ಹೋದ್ರೆ ಮನೇಲಿರೋದು ಸಿಂಗಲ್ ಫೇಸ್. ತ್ರೀ ಫೇಸ್ ಇರೋದು ಪಂಪ್‌ಸೆಟ್ ಲೈನಲ್ಲಿ, ಅದೂ ದಿನಕ್ಕೆ ಕೆಲವೇ ಗಂಟೆ, ಎಷ್ಟೋ ದಿನ ರಾತ್ರಿ ಪಾಳಿ, ಅದರಲ್ಲಿ ಮೆಷಿನ್ ಓಡಿಸೋ ಹಂಗೂ ಇಲ್ಲ. ಹೊಸ ಕನೆಕ್ಷನ್, ಕಂಬ, ಡೆಪಾಸಿಟ್ ಅಂತ ನಾಲ್ಕು ತಿಂಗಳು. ಅಷ್ಟು ದಿನ 4.2 ಲಕ್ಷದ ಮೆಷಿನ್ ಟಾರ್ಪಾಲ್ ಹೊದ್ಕೊಂಡು ಕೊಟ್ಟಿಗೆ ಪಕ್ಕ ನಿಂತಿತ್ತು, ಕೋಳಿ ಮೊಟ್ಟೆ ಇಡೋಕೆ ಅನುಕೂಲ ಆಯ್ತು. ಕರೆಂಟ್ ಬಂದ ಹುರುಪಲ್ಲಿ ಒಂದೇ ವಾರಕ್ಕೆ 180 ಕೆಜಿ ಹುರಿದೆ. ಮಾರಿದ್ದು 60. ಹುರಿಟ್ಟು ಮಳೆಗಾಲದ ಥಂಡಿ ಎಳ್ಕೊಂಡ್ರೆ ಮುಗ್ಗಲು ವಾಸನೆ ಬಂದ್ಬಿಡತ್ತೆ. ನಮ್ಮ ಹಸು ಎರಡು ತಿಂಗಳು ಹುರಿಟ್ಟು ತಿಂತು, ಹಾಲಂತೂ ಜಾಸ್ತಿ ಆಗಲಿಲ್ಲ. ತಿಂಗಳ ಒಟ್ಟು ವ್ಯಾಪಾರ 9,000, ಕಂತು 7,000ದ ಚಿಲ್ಲರೆ, ನೀವೇ ಲೆಕ್ಕ ಹಾಕ್ಕೊಳ್ಳಿ. ಕಿವಿ ಓಲೆ ಹೋಯ್ತು.

ಕೊನೆಗೆ ಅದೇ ಸಂಪನ್ಮೂಲ ವ್ಯಕ್ತಿಗೆ ಫೋನ್ ಮಾಡಿ ಅತ್ಕೊಂಡು ನಿಜ ಹೇಳಿದೆ. ಬೈತಾರೆ ಅನ್ಕೊಂಡಿದ್ದೆ. ಬಂದು ಅದೇ ಚೇರಲ್ಲಿ ಕೂತು, ಅವತ್ತೇ 14 ಅಂದಿದ್ರೆ ಒಂದು ಲಕ್ಷದೊಳಗೆ ಸಿಂಗಲ್ ಫೇಸ್ ಮೆಷಿನಲ್ಲಿ ಮುಗಿಸ್ತಿದ್ವಿ ಕಣಮ್ಮ ಅಂದ್ರು. ಇನ್ನೊಂದು ಗಂಟೆ ಕೂತು 200 ಪೇಜಿನ ಪುಸ್ತಕಕ್ಕೆ ಗೆರೆ ಹಾಕಿ ಕೊಟ್ರು, ರಾಗಿ ತಂದಿದ್ದು, ಸೌದೆ, ಕರೆಂಟು, ಪ್ಯಾಕೆಟ್ಟು, ಬಸ್ ಚಾರ್ಜು, ವಾಪಸ್ ಬಂದಿದ್ದು. ಎರಡು ತಿಂಗಳು ಬರೆದ್ಮೇಲೆ ಗೊತ್ತಾಗಿದ್ದು ಏನಂದ್ರೆ ಹುರಿಟ್ಟಿಗಿಂತ ಮೆಷಿನ್ ಬಾಡಿಗೇಲೇ ದುಡ್ಡು ಅಂತ. ಈಗ ಸುತ್ತಮುತ್ತ ಮೂರು ಸಂಘದವರು ಖಾರದಪುಡಿ, ಸಾಂಬಾರ್ ಪುಡಿ, ರಾಗಿ ಮಾಲ್ಟು ನಮ್ಮಲ್ಲೇ ಬೀಸಿಸ್ತಾರೆ, ಕೆಜಿ ಲೆಕ್ಕ. ಖಾರ ಬೀಸಿದ ದಿನ ರಾಗಿ ಮುಟ್ಟಲ್ಲ. ಕಂತು ಅದರಲ್ಲೇ ಹೋಗ್ತಿದೆ. ಓಲೆ ಮಾತ್ರ ಇನ್ನೂ ಬಂದಿಲ್ಲ.

ಈಗ ನಿಮ್ಮ ಪ್ರಶ್ನೆ. ಫ್ರೀನಾ ದುಡ್ಡು ಕೊಟ್ಟಿದ್ದಾ ಅನ್ನೋದೇ ತಪ್ಪು ಪ್ರಶ್ನೆ ಅಂತೀನಿ ನಾನು. ನೀವು 15 ಸಾವಿರ ಕೊಟ್ರೂ ಆ ಕನ್ಸಲ್ಟೆಂಟ್ ಬರೆಯೋದು ನೀವು ಹೇಳಿದ ಲೆಕ್ಕವೇ, ಫ್ರೀಯಾಗಿ ಬರೆಯೋರೂ ಅದನ್ನೇ. ನಿಮ್ಮ ಹತ್ರ ಲೆಕ್ಕ ಇದೆಯಾ ಅನ್ನೋದು ಪ್ರಶ್ನೆ. ನಿಮ್ಮ ಮನೆಯವರು ಮಾರ್ಕೆಟ್ಟಿಂದ ಬಂದು ದುಡ್ಡು ಡಬ್ಬಿಗೆ ಹಾಕ್ತಾರಾ ಪುಸ್ತಕಕ್ಕೆ ಬರೀತಾರಾ? ಡಬ್ಬಿಗೇ ಅಂದ್ರೆ ಇನ್ನು ಮೂರು ತಿಂಗಳು ಯಾರನ್ನೂ ಕರೆಸ್ಬೇಡಿ.

ಫ್ರೀ ಅಂದ್ರೆ ಪೂರ್ತಿ ಫ್ರೀ ಅಂತಾನೂ ತಿಳ್ಕೋಬೇಡಿ ಮತ್ತೆ. ಆ ಸಂಪನ್ಮೂಲ ವ್ಯಕ್ತಿಗೆ ಸರ್ಕಾರ ದುಡ್ಡು ಕೊಡೋದು ಸಾಲ ಮಂಜೂರಾದ್ರೆ. ನಿಮಗೆ ಈ ಸಾಲ ಬೇಡಪ್ಪ ಅಂತ ಹೇಳಿದ್ರೆ ಅವರ ಪೆಟ್ರೋಲೂ ಹುಟ್ಟಲ್ಲ. ನಮ್ಮವರು ಒಳ್ಳೆಯವರೇ, ಆದ್ರೂ ಸಾಲ ಬೇಕಾ ಬೇಡ್ವಾ ಅನ್ನೋದನ್ನ ಅವರ ಹತ್ರ ಕೇಳಬಾರದು, ಅದನ್ನ ನೀವೇ ತೀರ್ಮಾನ ಮಾಡಿ ಹೋದ್ಮೇಲೆ ಪೇಪರ್ ಕೆಲಸಕ್ಕೆ ಅವರನ್ನ ಬಿಟ್ರೆ ಇಲ್ಲ. ಪುಡಿ ಹೆಂಗೆ ಮಾಡೋದು ಅನ್ನೋದಕ್ಕೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ನಮ್ಮ ಜಿಲ್ಲೇಲಿ ಹಿರೇಹಳ್ಳಿ, ಕೊನೇಹಳ್ಳಿ ಎರಡು ಕಡೆ ಇದೆ, ನಿಮ್ಮ ಜಿಲ್ಲೇಲೂ ಇರತ್ತೆ. ನುಗ್ಗೆ ಬಿಸಿಲಲ್ಲಿ ಒಣಗಿಸಿದ್ರೆ ಬಣ್ಣ ಹೋಗತ್ತೆ, ನೆರಳಲ್ಲೇ ಆಗ್ಬೇಕು, ಹತ್ತು ಕೆಜಿ ಸೊಪ್ಪಿಗೆ ಕಡ್ಡಿ ತೆಗೆದ್ಮೇಲೆ ಎರಡು ಕೆಜಿ ಪುಡೀನೂ ಕಷ್ಟ, ಇದನ್ನ ಮೊದಲು ಒಲೆ ಮನೇಲೇ ಮಾಡಿ ನೋಡಿ. ಅಂಗಡಿ ನಡೆಸೋದು ಕಲೀಬೇಕು ಅಂದ್ರೆ ಆರ್‌ಸೆಟಿ, ಅಂದ್ರೆ ಬ್ಯಾಂಕಿನವರು ನಡೆಸೋ ಗ್ರಾಮೀಣ ಸ್ವಉದ್ಯೋಗ ಸಂಸ್ಥೆಯ ತರಬೇತಿ, ಊಟ ವಸತಿ ಅವರದ್ದೇ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿ ನೋಡಿಯೇ ದೇಶದ ಎಲ್ಲ ಕಡೆ ಮಾಡಿದ್ದು. ತರಬೇತಿ ಮುಗಿದ್ಮೇಲೂ ಎರಡು ವರ್ಷ ಫೋನ್ ಮಾಡಿ ವಿಚಾರಿಸ್ತಾರೆ, ಆ ಫೋನನ್ನ ಕಟ್ ಮಾಡ್ಬೇಡಿ. ಮನೆಯವರು ಟೌನಲ್ಲಿ ಕೂತು ಮಾರ್ತಾರೆ ಅಂದ್ರೆ ಪುರಸಭೇಲಿ ಬೀದಿ ವ್ಯಾಪಾರಿ ಕಾರ್ಡ್ ಮಾಡಿಸಿ, ಸ್ವನಿಧಿ ಸಾಲ ಸಣ್ಣದರಿಂದ ಶುರುವಾಗಿ ತೀರಿಸ್ತಾ ತೀರಿಸ್ತಾ 50,000ದ ತನಕ ಹೋಗತ್ತೆ, ನನ್ನಂಗೆ ಒಂದೇ ಸಲ ಹಾರೋ ಅವಕಾಶವೇ ಅದರಲ್ಲಿಲ್ಲ, ಅದಕ್ಕೇ ಒಳ್ಳೇದು.

ಆ 15 ಸಾವಿರದಲ್ಲಿ ಉದ್ಯಮ್ ಅನ್ನೋ ಸಣ್ಣ ಉದ್ಯಮದ ರಿಜಿಸ್ಟ್ರೇಶನ್ ಕೂಡ ಸೇರಿದೆ ಅಂತ ಬರೆದಿದೀರಲ್ಲ, ಉದ್ಯಮ್‌ಗೆ ಸರ್ಕಾರ ಒಂದು ರೂಪಾಯಿ ತಗೊಳ್ಳಲ್ಲ. ನಾನೂ ಸೈಬರ್ ಸೆಂಟರಲ್ಲಿ 1,500 ಕೊಟ್ಟವಳೇ. ಆಹಾರ ಸುರಕ್ಷತೆ ರಿಜಿಸ್ಟ್ರೇಶನ್ನು ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ.

ಇನ್ನು ಆ ಮೆಷಿನ್ ಕೊಟೇಶನ್. ಅದರಲ್ಲಿ ರೇಟ್ ಬಿಟ್ಟು ಕೆಳಗಡೆ ಮೋಟಾರ್ ಎಷ್ಟು ಎಚ್‌ಪಿ, ಸಿಂಗಲ್ ಫೇಸಾ ತ್ರೀ ಫೇಸಾ ಅಂತ ಬರೆದಿರ್ತಾರೆ. ಅಡ್ವಾನ್ಸ್ ಹಾಕೋಕೆ ಮುಂಚೆ ಅದನ್ನ ಹಿಡ್ಕೊಂಡು ಹೋಗಿ ನಿಮ್ಮೂರ ಲೈನ್‌ಮನ್‌ಗೆ ತೋರಿಸಿ.