ಪ್ರತಿಕ್ರಿಯೆ: ಅಯ್ಯನಕೆರೆಯಲ್ಲಿ ಮುಸ್ಸಂಜೆ ಹಾರುವ ಬಿಳಿ ಮಚ್ಚೆಯ ಏರೋಪ್ಲೇನ್ ಚಿಟ್ಟೆ ಯಾವುದು?

ರೆಕ್ಕೆಯಲ್ಲಿ ಬಿಳಿ ಮಿಂಚಿ ಮಾಯವಾಯ್ತು, ಜೊತೆಗೆ ಕಂದು ಬಣ್ಣದವೂ ಹಾರುತ್ತಿದ್ದವು ಅಂದಿದ್ದೀರಲ್ಲ, ಆ ಬಿಳಿ ಮಚ್ಚೆಯದು ಬಹುತೇಕ ಥೋಲಿಮಿಸ್ ಟಿಲ್ಲಾರ್ಗ ಅನ್ನೋ ಜಾತಿಯ ಏರೋಪ್ಲೇನ್ ಚಿಟ್ಟೆಯ ಗಂಡು. ಇಂಗ್ಲಿಷಿನಲ್ಲಿ ಕೋರಲ್ ಟೇಲ್ಡ್ ಕ್ಲೌಡ್‌ವಿಂಗ್ ಅಂತಾರೆ. ಹಿಂದಿನ ರೆಕ್ಕೆಯಲ್ಲಿ ಒಂದು ಕಂದು ಮಚ್ಚೆ, ಅದಕ್ಕೆ ಅಂಟಿಕೊಂಡೇ ಹಾಲಿನಂಥ ಬಿಳಿ ಮಚ್ಚೆ. ಕತ್ತಲಾಗುತ್ತಾ ಬಂದಂತೆ ಮೈ ಕಾಣೋದಿಲ್ಲ, ಎರಡು ಬಿಳಿ ಚುಕ್ಕೆ ಮಾತ್ರ ನೀರಿನ ಮೇಲೆ ಅತ್ತಿಂದಿತ್ತ ಓಡುತ್ತಿರುತ್ತವೆ. ನೋಡೋಕೆ ತುಂಬಾ ಚೆಂದ.

ಜೊತೆಗಿದ್ದ ಕಂದು ಬಣ್ಣದವು ಅದರ ಹೆಣ್ಣೇ ಅಂತ ಈಗಲೇ ಹೇಳೋಕಾಗಲ್ಲ. ಹೆಣ್ಣಿಗೆ ಆ ಬಿಳಿ ಇರೋದಿಲ್ಲ, ನಿಜ. ಆದರೆ ಜೈಕ್ಸೊಮ ಪೆಟಿಯೊಲೇಟಂ ಅನ್ನೋ ಇನ್ನೊಂದು ಕಂದು ಏರೋಪ್ಲೇನ್ ಚಿಟ್ಟೆ ಕೂಡ ಇದೇ ಹೊತ್ತಿಗೆ ನೀರಿಗೆ ತಾಗುವ ಹಾಗೆ ಹಾರುತ್ತೆ.

ಹಾಗಾಗಿ ಮೊದಲು ಹಗಲಲ್ಲೇ ಹುಡುಕಿ. ಏರಿ ಪಕ್ಕದ ಪೊದೆಗಳಲ್ಲಿ, ನೆರಳು ದಟ್ಟವಾಗಿರುವ ಕಡೆ ಸಣ್ಣ ಕಡ್ಡಿಗೆ ನೇತಾಡುತ್ತಾ ಕೂತಿರುತ್ತವೆ. ಕೊಂಬೆ ಅಲ್ಲಾಡಿಸಬೇಡಿ, ಎದ್ದು ಇನ್ನೂ ಒಳಗೆ ಹೋಗಿಬಿಡುತ್ತವೆ. ಪಕ್ಕದಿಂದ ಒಂದು ಫೋಟೊ ತೆಗೆಯಿರಿ, ರೆಕ್ಕೆ ಪೂರ್ತಿ ಬರಲಿ. ಕಣ್ಣು ಪಚ್ಚೆ ಹಸಿರು, ಬುಡದಲ್ಲಿ ಉಬ್ಬಿ ಆಮೇಲೆ ತೀರಾ ಸಣ್ಣಗಾದ ಉದ್ದನೆಯ ಹೊಟ್ಟೆ ಇದ್ದರೆ ಜೈಕ್ಸೊಮ. ಹೊಟ್ಟೆ ಹವಳದ ಕೆಂಪು, ರೆಕ್ಕೆಯಲ್ಲಿ ಬಿಳಿ ಇದ್ದರೆ ಥೋಲಿಮಿಸ್ ಗಂಡೇ.

ಹಗಲಲ್ಲಿ ಸಿಗದಿದ್ದರೆ ಸೂರ್ಯ ಮುಳುಗುವ ಮುಂಚೆಯೇ ಜೊಂಡು, ಪಾಚಿ ಜಾಸ್ತಿ ಇರುವ ನಿಂತ ನೀರಿನ ಅಂಚಿಗೆ ಹೋಗಿ ನಿಲ್ಲಿ. ಮೋಡ ಮುಸುಕಿದ ದಿನ ಇನ್ನೂ ಬೇಗ ಹೊರಡುತ್ತವೆ. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಬರೋದರಿಂದ ಆ ಜಾಗಕ್ಕೆ ಫೋಕಸ್ ಇಟ್ಟು, ಫ್ಲಾಶ್ ಹಾಕಿ ಕಾಯಿರಿ. ಫೋಟೊ ಮಸುಕಾಗಿ ಬಂದರೂ ಇಲ್ಲಿ ಹಾಕಿ, ರೆಕ್ಕೆಯ ಮಚ್ಚೆ ಕಂಡರೆ ಸಾಕು.