ಎರಡೂ ಕಡೆ ಹರಿಯುವ ಕೆರೆ

ಮನೆಯವರ ಜೊತೆ ಹತ್ತು ಹನ್ನೆರಡು ದಿನ ಟೆಂಟಿನಲ್ಲಿ ಕಳೆದು ಮರಳಿದಾಗ ಹಾಯೆನಿಸುತ್ತದೆ, ಅದೇ ಹೊತ್ತಿಗೆ ಗಂಟಲೂ ಕಟ್ಟುತ್ತದೆ, ಹೀಗಾಗುವುದು ನನಗೆ ಮಾತ್ರವೇ ಎಂದು ಕೇಳಿದ್ದೀರಿ. ನಿಮಗೆ ಮಾತ್ರ ಅಲ್ಲ. ನಾನು ಕಳೆದ ಆಗಸ್ಟ್‌ನಲ್ಲಿ ಹದಿನಾರು ರಾತ್ರಿಗಳನ್ನು ಟೆಂಟಿನಲ್ಲಿ ಕಳೆದು ಮನೆಗೆ ಬಂದವಳು. ಬಂದ ದಿನ ಬಿಸಿನೀರಿನ ಸ್ನಾನ ಮಾಡುತ್ತಾ ಬಚ್ಚಲಿನಲ್ಲೇ ಅತ್ತಿದ್ದೇನೆ.

ನಾವಿರುವುದು ಅಮೆರಿಕದ ಸಿಯಾಟಲ್ ಹತ್ತಿರ. ಹೊರಟವರು ಐದು ಜನ: ನಾನು, ನನ್ನ ಗಂಡ, ಹದಿನಾಲ್ಕರ ಮಗಳು, ಒಂಬತ್ತರ ಮಗ, ಮತ್ತು ತೀರ್ಥಹಳ್ಳಿಯ ಕಡೆಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನನ್ನ ಅಮ್ಮ. ಗ್ಲೇಸಿಯರ್, ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನಗಳನ್ನು ನೋಡಿ ಬರುವ ಯೋಜನೆ. ಅರವತ್ತೆಂಟರ ಅಮ್ಮನನ್ನು ನೆಲದ ಮೇಲೆ ಮಲಗಿಸುವುದು ಸರಿಯೇ ಎಂದು ನನಗೆ ಅಳುಕಿತ್ತು. ಅಮ್ಮ, "ಮಂಚ ಕಂಡದ್ದೇ ಮದುವೆಯಾದ ಮೇಲೆ ನಾನು, ನಡೆ" ಎಂದರು.

ಯೆಲ್ಲೋಸ್ಟೋನ್‌ನಲ್ಲಿ ಕರಡಿಗಳಿಗಾಗಿ ಕಟ್ಟುನಿಟ್ಟಾದ ನಿಯಮಗಳಿವೆ. ಪರಿಮಳ ಬರುವ ಯಾವುದೂ ಟೆಂಟಿನೊಳಗೆ ಇರಬಾರದು. ಅಡುಗೆ ಸಾಮಾನಷ್ಟೇ ಅಲ್ಲ, ಹಲ್ಲುಜ್ಜುವ ಪೇಸ್ಟ್, ಸಾಬೂನುಗಳನ್ನೂ ರಾತ್ರಿ ಕಬ್ಬಿಣದ ಪೆಟ್ಟಿಗೆಯಲ್ಲೋ ಮುಚ್ಚಿದ ಕಾರಿನಲ್ಲೋ ಇಡಬೇಕು. ಅಮ್ಮ ಪ್ರತಿರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಜಡೆ ಹೆಣೆದು ಮಲಗುವವರು. ಎಣ್ಣೆಯ ಸೀಸೆ ಪೆಟ್ಟಿಗೆಗೆ ಹೋಯಿತು. ಸವರಿಕೊಳ್ಳುವ ಹೊತ್ತು ಬೆಳಗಿನ ಸ್ನಾನದ ಮುಂಚೆಗೆ ಬದಲಾಯಿತು. ಐವತ್ತು ವರ್ಷದ ಅಭ್ಯಾಸವನ್ನು ಅವರು ಒಂದು ಮಾತೂ ಆಡದೆ ಕರಡಿಗೆ ಬಿಟ್ಟುಕೊಟ್ಟರು. ಅಜ್ಜಿಯ ಹತ್ತಿರ ಅಕ್ಷರ ಕಲಿಯುತ್ತಿದ್ದ ಮಗ ಇವನ್ನೆಲ್ಲ ತುಂಬಿಡುವ ನಮ್ಮ ಪ್ಲಾಸ್ಟಿಕ್ ಡಬ್ಬಕ್ಕೆ ಬಿಳಿ ಪಟ್ಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ "ಕರಡಿ ಪೆಟಿಗೆ" ಎಂದು ಬರೆದ. ಟಕಾರದ ಒತ್ತು ಬಿಟ್ಟುಹೋಗಿತ್ತು. ಯಾರೂ ತಿದ್ದಲಿಲ್ಲ.

ನಾವು ತಂಗಿದ್ದ ಎತ್ತರದಲ್ಲಿ, ಅಂದರೆ ಯೆಲ್ಲೋಸ್ಟೋನ್ ಸರೋವರದ ಬಳಿ ಸುಮಾರು 7,700 ಅಡಿಯಲ್ಲಿ, ನೀರು 92 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ಬೇಯಿಸಿದರೆ ಬೇಳೆ ಮೆತ್ತಗಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಪುಣ್ಯಕ್ಕೆ ಕುಕ್ಕರ್ ಒಯ್ದಿದ್ದೆವು. ಪೈನ್ ಮರಗಳ ನಡುವೆ ಮೂರು ಸೀಟಿ, ಆಮೇಲೆ ಒಗ್ಗರಣೆಯ ಇಂಗಿನ ವಾಸನೆ. ಪಕ್ಕದ ಟೆಂಟಿನ ಹಿರಿಯ ದಂಪತಿ ಏನದು ಎಂದು ವಿಚಾರಿಸಲು ಬಂದವರು ನಮ್ಮ ಜೊತೆ ಕುಳಿತು ಅನ್ನ ಸಾರು ಉಂಡೇ ಹೋದರು. ಹದಿನೇಳು ವರ್ಷದಲ್ಲಿ ನಮ್ಮ ಬೀದಿಯ ಯಾವ ಮನೆಯವರೂ ಕರೆಯದೆ ನಮ್ಮಲ್ಲಿ ಊಟಕ್ಕೆ ಬಂದದ್ದಿಲ್ಲ, ನಾವೂ ಅವರಲ್ಲಿಗೆ ಹೋಗಿಲ್ಲ.

ನಿಮ್ಮ ಪ್ರಶ್ನೆಗೆ ನಿಜವಾಗಿ ಸಂಬಂಧಿಸಿದ್ದು ರಾತ್ರಿಗಳು. ಆಗಸ್ಟ್‌ನಲ್ಲೂ ಅಲ್ಲಿ ಇರುಳಿನ ಚಳಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಐದೂ ಜನ ಒಂದೇ ಟೆಂಟಿನಲ್ಲಿ ಸಾಲಾಗಿ ಮಲಗುತ್ತಿದ್ದೆವು. ದೀಪ ಆರಿಸಿದ ಮೇಲೆ ಯಾರಿಗೂ ಯಾರ ಮುಖವೂ ಕಾಣುತ್ತಿರಲಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಆರನೆಯದೋ ಏಳನೆಯದೋ ರಾತ್ರಿ, ಎಲ್ಲರೂ ನಿದ್ದೆ ಹೋದರು ಎಂದು ನಾನು ಅಂದುಕೊಂಡಿದ್ದಾಗ, ಮಗಳು ಕತ್ತಲೆಯಲ್ಲಿ ಮಾತು ಶುರುಮಾಡಿದಳು. ಐದು ವರ್ಷದಿಂದ ಜೊತೆಗಿದ್ದ ಗೆಳತಿ ಈ ವರ್ಷ ಅವಳನ್ನು ಬಿಟ್ಟು ಬೇರೆ ಗುಂಪು ಸೇರಿದ್ದಳಂತೆ. ಮಧ್ಯಾಹ್ನದ ಊಟವನ್ನು ಇವಳು ತಿಂಗಳುಗಟ್ಟಲೆ ಗ್ರಂಥಾಲಯದಲ್ಲಿ ಒಬ್ಬಳೇ ಕುಳಿತು ಮಾಡಿದ್ದಳಂತೆ. ಅವಳು ಹೇಳಿದ್ದು ನನಗಲ್ಲ, ಪಕ್ಕದಲ್ಲಿ ಮಲಗಿದ್ದ ಅಜ್ಜಿಗೆ, ತನಗೆ ಬರುವ ಅರೆಬರೆ ಕನ್ನಡದಲ್ಲಿ. ಅಮ್ಮ ಬುದ್ಧಿ ಹೇಳಲಿಲ್ಲ. "ಕೈ ಕೊಡು ಇಲ್ಲಿ, ಎಷ್ಟು ತಣ್ಣಗಿದೆ" ಎಂದಷ್ಟೇ ಅಂದರು. ನಾನು ಅಲುಗಾಡದೆ ಮಲಗಿದ್ದೆ. ಒಂದೇ ಸೂರಿನಡಿ ಇದ್ದೂ ನನಗೆ ಇದು ಗೊತ್ತೇ ಇರಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಮರುದಿನ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆ ನೋಡಲು ಹೋಗುವಾಗ ಕ್ರೇಗ್ ಪಾಸ್ ಎಂಬ ಘಟ್ಟದ ನೆತ್ತಿ ಸಿಕ್ಕಿತು, 8,262 ಅಡಿ ಎತ್ತರ. ಅಲ್ಲಿ ರಸ್ತೆಗೆ ಅಂಟಿಕೊಂಡೇ ಐಸಾ ಎಂಬ ಪುಟ್ಟ ಕೆರೆ ಇದೆ. ನೀರಿನ ಮೇಲೆಲ್ಲ ನೈದಿಲೆಯ ಎಲೆಗಳು. ಇಡೀ ಖಂಡದ ನೀರನ್ನು ಎರಡಾಗಿ ಹಂಚುವ ಏಣಿನ ಮೇಲೆಯೇ ಈ ಕೆರೆ ಕುಳಿತಿದೆ. ಹಿಮ ಕರಗಿ ತುಂಬಿದಾಗ ನೀರು ಎರಡೂ ಕಡೆ ಇಳಿಯುತ್ತದೆ, ಅದೂ ಅದಲುಬದಲಾಗಿ: ಪೂರ್ವದ ತುದಿಯಿಂದ ಹೊರಟದ್ದು ಬಳಸಿಕೊಂಡು ಸ್ನೇಕ್ ನದಿ ಸೇರಿ ಪೆಸಿಫಿಕ್ ಸಾಗರಕ್ಕೆ, ಪಶ್ಚಿಮದ ತುದಿಯದು ಫೈರ್‌ಹೋಲ್, ಮಿಸೌರಿ ನದಿಗಳನ್ನು ಹಿಡಿದು ಮೆಕ್ಸಿಕೋ ಕೊಲ್ಲಿಗೆ. ನಾನು ಇದನ್ನು ವಿವರಿಸಿದಾಗ ಅಮ್ಮನ ಮುಖ ಅರಳಿತು. "ನಮ್ಮ ಆಗುಂಬೆಯ ಹಾಗೆಯೇ ಅಲ್ಲವೇ! ಘಟ್ಟದ ಕೆಳಗೆ ಇಳಿದದ್ದು ಸೀತಾನದಿ ಸೇರಿ ಪಡುವಣ ಕಡಲಿಗೆ, ಈಚೆ ಬಿದ್ದದ್ದು ಮಾಲತಿ, ತುಂಗೆ ಎಂದು ಊರೂರು ಸುತ್ತಿ ಮೂಡಣ ಕಡಲಿಗೆ." ಮಗ, "ಯಾವ ಕಡೆ ಹೋಗಬೇಕು ಎಂದು ಕೆರೆಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದ. "ತುಂಬಿದಾಗ ತಾನೇ ಹರಿಯುವುದು ಮಗಾ, ಎರಡೂ ಕಡೆ ಹೋಗುತ್ತದೆ" ಎಂದರು ಅಮ್ಮ.

ಮರಳುವ ದಾರಿ ಎರಡು ದಿನದ್ದು. ಬ್ಯೂಟ್ ಎಂಬ ಊರು ದಾಟುವಷ್ಟರಲ್ಲಿ ಕಾರಿನಲ್ಲಿ ಮಾತು ಕಡಿಮೆಯಾಗಿತ್ತು. ಎಲ್ಲರ ಮೊಬೈಲ್‌ಗಳಿಗೂ ಜೀವ ಬಂದಿತ್ತು. ವಾಂಟೇಜ್‌ನಲ್ಲಿ ಕೊಲಂಬಿಯಾ ನದಿಯ ಸೇತುವೆ ದಾಟಿದಾಗ ನನಗೆ ಯಾವಾಗಲೂ ಮನೆ ಹತ್ತಿರವಾಯಿತು ಎಂಬ ಖುಷಿ. ಈ ಸಲ ಆ ಸೇತುವೆ ಇನ್ನೂ ಸ್ವಲ್ಪ ಉದ್ದ ಇರಬಾರದಿತ್ತೇ ಎನಿಸಿತು.

ಮನೆಯ ಬಾಗಿಲು ತೆರೆದಾಗ ಒಳಗೆ ಮುಚ್ಚಿಟ್ಟ ಗಾಳಿಯ ವಾಸನೆ. ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಇಷ್ಟು ಜೋರೆಂದು ನಾನು ಎಂದೂ ಗಮನಿಸಿರಲಿಲ್ಲ. ಪಕ್ಕದ ಮನೆಯವರು ನೀರು ಹಾಕಿದ್ದ ಕರಿಬೇವಿನ ಗಿಡ ಎರಡು ಹೊಸ ಚಿಗುರು ಬಿಟ್ಟಿತ್ತು. ಅದನ್ನು ನೋಡಿ ನನಗಾದ ಸಂತೋಷ ಸುಳ್ಳಲ್ಲ. ಮೊಣಕಾಲಿಗೆ ಬಿಸಿನೀರು ಹೊಯ್ದುಕೊಂಡ ಅಮ್ಮ ಪಟ್ಟ ಸುಖವೂ ಸುಳ್ಳಲ್ಲ. ಒದ್ದೆ ಟವೆಲ್ಲು, ಸೊಳ್ಳೆ, ನಡುರಾತ್ರಿ ಟಾರ್ಚ್ ಹಿಡಿದು ಶೌಚಾಲಯಕ್ಕೆ ನಡೆಯುವ ಪಾಡು, ಇವು ಅಂತೂ ಮುಗಿದವು ಎಂದು ನಾವೆಲ್ಲರೂ ಮನಸಾರೆ ಉಸಿರುಬಿಟ್ಟೆವು. ಆದರೆ ರಾತ್ರಿ ಹತ್ತಕ್ಕೆ ಒಂದೊಂದೇ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಮಗಳದ್ದು ಎಲ್ಲಕ್ಕಿಂತ ಮೊದಲು.

ಹಜಾರದಲ್ಲಿ ಕುಳಿತಿದ್ದ ಅಮ್ಮ ಮೆಲ್ಲಗೆ ಹೇಳಿದರು: "ನಮ್ಮ ನಡುಮನೆಯಲ್ಲಿ ಹನ್ನೊಂದು ಜನ ಮಲಗುತ್ತಿದ್ದೆವು. ಯಾರಿಗೆ ಕೆಮ್ಮು, ಯಾರಿಗೆ ನಿದ್ದೆ ಬಂದಿಲ್ಲ ಎಂದು ಕತ್ತಲೆಯಲ್ಲೇ ತಿಳಿಯುತ್ತಿತ್ತು. ನಿನ್ನ ಮನೆ ಚೆನ್ನಾಗಿದೆ. ಆದರೆ ಇಲ್ಲಿ ಯಾರು ಎಚ್ಚರ ಇದ್ದಾರೆ ಎಂದು ಗೊತ್ತಾಗುವುದಿಲ್ಲ."

ಬಚ್ಚಲಿನಲ್ಲಿ ನಾನು ಅತ್ತದ್ದು ಏಕೆಂದು ನನಗೆ ಆಗ ತಿಳಿಯಿತು. ನಾನು ಬಿಟ್ಟುಬಂದದ್ದು ಕಾಡನ್ನಲ್ಲ, ಬೆಟ್ಟವನ್ನಲ್ಲ. ಮಕ್ಕಳ ಉಸಿರು ಕೇಳಿಸುವಷ್ಟು ಹತ್ತಿರವನ್ನು. ನಿಮಗೂ ಹಾಗೆಯೇ ಇರಬಹುದು, ಬೇರೆಯೇ ಏನೋ ಇರಬಹುದು. ಮನಸ್ಸು ಭಾರವಾಗಿದೆ ಎಂದು ನಿಲ್ಲಿಸದೆ, ಅಲ್ಲಿದ್ದದ್ದು ಇಲ್ಲಿ ಇಲ್ಲದಿರುವುದು ನಿಖರವಾಗಿ ಯಾವುದು ಎಂದು ಹುಡುಕಿ ನೋಡಿ. ನನಗೆ ಅದರಿಂದ ಉಪಕಾರವಾಯಿತು. ಟೆಂಟನ್ನು ಮಾತ್ರ ಬಂದ ಮರುದಿನವೇ ಬಿಚ್ಚಿ ಬಿಸಿಲಿಗೆ ಹರವಿ. ಬೇಸರದಲ್ಲಿ ಮೂಲೆಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ.

ಶನಿವಾರ ರಾತ್ರಿ ಹಾಸಿಗೆಗಳನ್ನು ಹಜಾರಕ್ಕೆ ಎಳೆದು ಎಲ್ಲರೂ ಸಾಲಾಗಿ ಮಲಗೋಣ ಎಂದೆ. ಮಗ ಕುಣಿದ. ಮಗಳು ಒಂದು ರಾತ್ರಿ ಬಂದಳು, ಮರುದಿನ ತನ್ನ ಕೋಣೆಗೆ ಹೋದಳು. ನೋವಾಯಿತು. ಆದರೆ ಹದಿನಾರು ರಾತ್ರಿ ತನ್ನದೆಂಬ ಒಂದು ಮೂಲೆಯೂ ಇಲ್ಲದೆ ಇದ್ದವಳು ಅವಳು. ಆ ಕೋಣೆಯೇ ಅವಳಿಗೆ ಮನೆ. ಒಂದೇ ಕಾರಿನಲ್ಲಿ ಬಂದರೂ ಐವರೂ ಐದು ಬೇರೆ ಬೇರೆ ಮನೆಗಳಿಗೆ ಮರಳಿದ್ದೆವು ಎಂದು ನಾನು ಅರ್ಥಮಾಡಿಕೊಳ್ಳಬೇಕಾಯಿತು. ಅಮ್ಮನ ಮನೆಯಂತೂ ಇನ್ನೂ ಬಹಳ ದೂರದಲ್ಲಿತ್ತು.

ಅಮ್ಮ ಅಕ್ಟೋಬರ್‌ನಲ್ಲಿ ಊರಿಗೆ ಹೋದರು. ಕರಡಿ ಪೆಟ್ಟಿಗೆ ಈಗಲೂ ಅಡುಗೆಮನೆಯ ಮೂಲೆಯಲ್ಲೇ ಇದೆ. ಅವರು ಬಿಟ್ಟುಹೋದ ಕೊಬ್ಬರಿ ಎಣ್ಣೆಯ ಸೀಸೆ ಅದರೊಳಗಿದೆ. ಈಗ ಆ ಎಣ್ಣೆಯನ್ನು ಹಚ್ಚಿಕೊಳ್ಳುವವಳು ಮಗಳು. ರಾತ್ರಿ ಅಡುಗೆಮನೆಗೆ ಬಂದು, ನನಗೆ ಬೆನ್ನು ಹಾಕಿ ಕುಳಿತು, ಜಡೆ ಹೆಣೆಯಲು ಹೇಳುತ್ತಾಳೆ. ಮುಖ ಕಾಣದ ಆ ಹತ್ತು ನಿಮಿಷ ಏನಾದರೂ ಹೇಳುತ್ತಿರುತ್ತಾಳೆ. ಆಮೇಲೆ ಸೀಸೆಯನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಒತ್ತಿ ಭದ್ರಪಡಿಸಿ, ಮಲಗಲು ಹೋಗುತ್ತಾಳೆ.